ಗಿಂಡಿಯ ಗಾಜಿನ ಪಂಪು

ಸೆಂಟ್ರಲ್

ಅಂಗಡಿಯ ಬೋರ್ಡು ಓದಲು ಬಾರದ ಊರೆಲ್ಲ ನನಗೆ ಪರದೇಶವೇ. ಆದ್ದರಿಂದ ಮೈಸೂರಿನಿಂದ ಚೆನ್ನೈಗೆ ಹೋಗಿ ನಾಲ್ಕು ದಿನ ಇದ್ದು ಬಂದದ್ದನ್ನು ಪರದೇಶ ಪ್ರವಾಸವೆಂದೇ ಬರೆಯುತ್ತಿದ್ದೇನೆ. ಪಾಸ್‌ಪೋರ್ಟು ಯಾರೂ ಕೇಳಲಿಲ್ಲ. ಚೀಲದ ತಪಾಸಣೆ ಮಾತ್ರ ಚೆನ್ನಾಗಿಯೇ ಆಯಿತು. ಮೆಟ್ರೋ ನಿಲ್ದಾಣದ ಸ್ಕ್ಯಾನರಿನೊಳಗೆ ಅದು ಎರಡು ಸಲ ಹೋಗಿ ಬಂತು. ಒಳಗಿದ್ದದ್ದು ಹಲ್ಲಿನ ಅಚ್ಚು ತೆಗೆಯುವ ಪುಟ್ಟಿಯ ಎರಡು ಡಬ್ಬಿ, ಹಲ್ಲಿನ ಪಾಚಿ ಕೆರೆಯುವ ಕೊಕ್ಕೆಗಳ ಒಂದು ಕಟ್ಟು, ಒಂದು ಟಾರ್ಚು, ಎರಡು ಸೀರೆ. ಕಾವಲಿನ ಹೆಂಗಸು ಕೊಕ್ಕೆಗಳನ್ನು ಎತ್ತಿ ಹಿಡಿದು ನನ್ನ ಮುಖ ನೋಡಿದಳು. ಹಲ್ಲಿನ ಡಾಕ್ಟರು ಎಂದೆ. ಅವಳು ಅಲ್ಲೇ ಬಾಯಿ ತೆರೆದು ಕೊನೆಯ ದವಡೆ ಹಲ್ಲನ್ನು ತೋರಿಸಿದಳು. ಟಾರ್ಚು ಹಾಕಿ ನೋಡಿ, ಕೀಳಿಸಬೇಡಿ, ಉಳಿಯುತ್ತದೆ ಎಂದೆ. ಹಿಂದಿನ ಸಾಲು ಗೊಣಗುತ್ತಿತ್ತು. ಮೈಸೂರಿನಲ್ಲಿ ನನ್ನ ಪರಿಚಯದವರು ಮದುವೆಮನೆಯಲ್ಲಿ ಬಾಯಿ ತೆರೆಯುತ್ತಾರೆ, ಆದರೆ ಮೊದಲು ಊಟವಾಯಿತೇ ಎಂದು ಕೇಳುತ್ತಾರೆ. ಇವಳು ಹಲ್ಲು ತೋರಿಸಿಯಾದ ಮೇಲೆ ಅದನ್ನು ಕೇಳಿದಳು.

ನಾನು ಹಳೆಯ ಪೆಟ್ರೋಲ್ ಪಂಪುಗಳನ್ನು ಕೂಡಿಡುವವಳು. ಮನೆಯ ಹಿಂದಿನ ಶೆಡ್ಡಿನಲ್ಲಿ ಮೂರು ನಿಂತಿವೆ. ಯಾಕೆ ಈ ಹುಚ್ಚು ಎಂದು ಕೇಳಿದವರಿಗೆ ಒಂದೊಂದು ಸಲ ಒಂದೊಂದು ಕಥೆ ಹೇಳಿದ್ದೇನೆ. ಅಪ್ಪನ ಸ್ಕೂಟರಿನ ಮುಂದೆ ನಿಂತು ನೋಡಿದ ಬಂಕು ಎಂದು ಒಮ್ಮೆ, ಹಲ್ಲು ಬಿಟ್ಟು ಬೇರೇನಾದರೂ ಕೆರೆಯಬೇಕಿತ್ತು ಎಂದು ಇನ್ನೊಮ್ಮೆ. ಎರಡನ್ನೂ ನಾನು ಪೂರ್ತಿ ನಂಬಿಲ್ಲ.

ಈ ಸಲ ಹೊರಟದ್ದು ಗಾಜಿನ ಪಂಪೊಂದಕ್ಕಾಗಿ. ಅದರ ಕೆಲಸ ಸರಳ. ಸನಿಕೆಯಷ್ಟು ಉದ್ದದ ಹಿಡಿಯನ್ನು ಹಿಂದೆ ಮುಂದೆ ತಳ್ಳಿದರೆ ನೆಲದೊಳಗಿನ ಟ್ಯಾಂಕಿನಿಂದ ಪೆಟ್ರೋಲು ಮೇಲೇರಿ, ಆಳೆತ್ತರದ ಕಂಬದ ತುದಿಯಲ್ಲಿರುವ ದೊಡ್ಡ ಗಾಜಿನ ಕೊಳವೆಯನ್ನು ತುಂಬುತ್ತದೆ. ಹೆಚ್ಚಾದದ್ದು ಒಂದು ನಳಿಗೆಯ ಮೂಲಕ ವಾಪಸು ಇಳಿದುಹೋಗುತ್ತದೆ. ಆಮೇಲೆ ರಬ್ಬರು ಪೈಪಿನ ಬಿರಡೆ ತಿರುಗಿಸಿದರೆ ಪೆಟ್ರೋಲು ತನ್ನ ಭಾರಕ್ಕೆ ತಾನೇ ಕಾರಿಗೆ ಇಳಿಯುತ್ತದೆ. ಗಾಜಿನೊಳಗೆ ಒಂದು ಸರಳು, ಸರಳಿಗೆ ಅಂಗಿಯ ಗುಂಡಿಯಷ್ಟು ದೊಡ್ಡ ಬಿಲ್ಲೆಗಳು. ಇಳಿಯುವ ಪೆಟ್ರೋಲು ಯಾವ ಬಿಲ್ಲೆಗೆ ಬಂತೋ ಅಷ್ಟು ಕೊಟ್ಟಂತೆ. ಕೊಳ್ಳುವವನೂ ಕೊಡುವವನೂ ಒಟ್ಟಿಗೆ ಮೇಲೆ ನೋಡುತ್ತ ನಿಲ್ಲುತ್ತಿದ್ದರು.

ಚೆನ್ನೈನ ಗಿಂಡಿ ಎಂಬ ಬಡಾವಣೆಯ ಹಳೆ ಸಾಮಾನಿನ ವ್ಯಾಪಾರಿಯೊಬ್ಬರು ಅಂಥದೊಂದರ ಫೋಟೋ ಹಾಕಿದ್ದರು. ಅಸಲಿಯೋ, ಹೋಟೆಲುಗಳ ಅಲಂಕಾರಕ್ಕೆ ಈಚೆಗೆ ಮಾಡಿದ ನಕಲೋ ಗೊತ್ತಿರಲಿಲ್ಲ. ಹವ್ಯಾಸಿಗಳ ಗುಂಪಿನಲ್ಲಿ ಕೇಳಿದಾಗ ವಸುಧಾ ಎಂಬ ಮಂಡ್ಯದ ಹುಡುಗಿ, ಚೆನ್ನೈಗೆ ಕೆಲಸಕ್ಕೆ ಬಂದು ಅಲ್ಲೇ ಮದುವೆಯಾದವಳು, ಉತ್ತರ ಬರೆದಳು. ನಮ್ಮ ಮಾವ ಆಯುಷ್ಯವೆಲ್ಲ ಬಂಕಿನ ಪಂಪು ರಿಪೇರಿ ಮಾಡಿದವರು, ಬನ್ನಿ, ಅವರನ್ನೇ ಕೇಳೋಣ ಎಂದು.

ಪೋರೂರು

ವಸುಧಾಳ ಮಾವ ಸೇತುಮಾಧವ ರಾವ್ ಎಂಬತ್ತು ದಾಟಿದವರು. ಅವರ ಮನೆಯವರು ಮದರಾಸಿಗೆ ಬಂದು ಎಷ್ಟು ತಲೆಮಾರಾಯಿತೆಂದು ಅವರಿಗೇ ಲೆಕ್ಕವಿಲ್ಲ. ಮನೆಮಾತು ಕನ್ನಡ, ಆದರೆ ವಾಕ್ಯದ ಬಾಲ ತಮಿಳಿನ ಕಡೆ ವಾಲುತ್ತದೆ. ನಾನು ರಾಯರೇ ಎಂದೆ. ಯಾರೋ ಮಠದವರನ್ನು ಕರೆದಹಾಗಿದೆ, ಇಲ್ಲಿ ಎಲ್ಲರಿಗೂ ನಾನು ಮಾಮ, ನೀವೂ ಹಾಗೇ ಕರೀರಿ ಎಂದರು. ನನ್ನನ್ನು ಡಾಕ್ಟರಮ್ಮ ಎಂದು ಕರೆಯತೊಡಗಿದರು.

ಫೋಟೋ ತೋರಿಸಿದೆ. ಮುಖದಿಂದ ಒಂದು ಗೇಣು ದೂರ ಹಿಡಿದರು, ಹತ್ತಿರ ತಂದರು, ಕೆಳಗಿಟ್ಟರು. ಕಣ್ಣಿನ ಪೊರೆ ಬಲಿತಿದೆ, ಏನೂ ಕಾಣುವುದಿಲ್ಲ ಎಂದರು. ಅಡುಗೆಮನೆಯಲ್ಲಿ ವಸುಧಾ ನನಗೆ ಮೆಲ್ಲಗೆ ಹೇಳಿದಳು: ಮಾವ ಕಾರಿನಲ್ಲಿದ್ದರೆ ಬಂಕಿಗೆ ಹೋಗುವುದೇ ಕಷ್ಟ. ಪ್ರತಿ ಸಲ ಐದು ಲೀಟರಿನ ಅಳತೆ ಕ್ಯಾನು ತರಿಸಿ ಪರೀಕ್ಷೆ ಮಾಡಿಸುತ್ತಾರೆ. ಹಿಂದೆ ಹತ್ತು ಗಾಡಿ ಹಾರನ್ ಹೊಡೆಯುತ್ತವೆ. ಸುತ್ತಮುತ್ತಲಿನ ಬಂಕಿನವರೆಲ್ಲ ಅವರ ಗುರುತು ಹಿಡಿದು ಕ್ಯಾನು ಮೊದಲೇ ಹೊರಗಿಡುತ್ತಾರೆ.

ಯಾಕೆಂದು ಊಟದ ಹೊತ್ತಿಗೆ ತಿಳಿಯಿತು. ಗ್ಯಾಲನ್ ಹೋಗಿ ಲೀಟರ್ ಬಂದ ಕಾಲ. ಮಾಮನಿಗೆ ಆಗ ಹತ್ತೊಂಬತ್ತು. ಮುನುಸಾಮಿ ಮೇಸ್ತ್ರಿಯ ಹತ್ತಿರ ಕೆಲಸ ಕಲಿಯುತ್ತಿದ್ದರು. ಊರಿನ ಪಂಪುಗಳಿಗೆಲ್ಲ ಗ್ಯಾಲನ್ ಬಿಲ್ಲೆ ಕಿತ್ತು ಲೀಟರ್ ಬಿಲ್ಲೆ ಕೂರಿಸುವ ಕೆಲಸ. ಒಂದು ದಿನ ಮೇಸ್ತ್ರಿ ಬರಲಿಲ್ಲ. ಬಂಕಿನ ಓನರು ಇವತ್ತೇ ಮುಗಿಯಬೇಕು ಎಂದು ಕೂತ. ಮಾಮ ಒಬ್ಬರೇ ಕೂರಿಸಿದರು. ಮೂರು ಸ್ಕ್ರೂ ಕಡಿಮೆ ಬಿದ್ದಾಗ ಮನೆಗೆ ಓಡಿ, ಅಮ್ಮನ ಹಾರ್ಮೋನಿಯಂನಿಂದ ಮೂರು ಹಿತ್ತಾಳೆ ಸ್ಕ್ರೂ ಬಿಚ್ಚಿ ತಂದು ಹಾಕಿದರು.

ತಪ್ಪು ಆದದ್ದು ಬಿಲ್ಲೆಯಲ್ಲಿ. ಹಳೆಯ ಗ್ಯಾಲನ್ ಬಿಲ್ಲೆ ಚಪ್ಪಟೆ ಪಟ್ಟಿ, ಅದರ ಅಂಚೇ ಅಳತೆ. ಹೊಸ ಲೀಟರ್ ಬಿಲ್ಲೆ ದುಂಡಗೆ, ಅಳತೆ ಅದರ ನಡುವಿನ ಗೀರು. ಅಭ್ಯಾಸವಾದ ಕೈ ಗೀರನ್ನು ಬಿಟ್ಟು ಅಂಚಿಗೆ ಹೋಯಿತು. ಐದು ಲೀಟರಿನ ಮಟ್ಟಕ್ಕೆ ಬಿಲ್ಲೆಯ ಕೆಳಗಿನ ಅಂಚನ್ನು ಕೂರಿಸಿದ್ದರೆ ಗೀರು ಮೇಲಾಗುತ್ತದೆ, ಪೆಟ್ರೋಲು ಅಲ್ಲಿಗೆ ಬೇಗ ಇಳಿದುಬಿಡುತ್ತದೆ, ಗಿರಾಕಿಗೆ ಕಡಿಮೆ ಸಿಗುತ್ತದೆ. ಮೇಲಿನ ಅಂಚನ್ನು ಕೂರಿಸಿದ್ದರೆ ಗೀರು ಕೆಳಗಾಗುತ್ತದೆ, ಗಿರಾಕಿಗೆ ಹೆಚ್ಚು. ಕೆಲವು ವಾರದ ಮೇಲೆ ಓನರು ಮೇಸ್ತ್ರಿಯನ್ನು ಕರೆಸಿ ಅಳತೆ ತಪ್ಪಿದೆ ಎಂದು ಕೂಗಾಡಿದ. ಮೇಸ್ತ್ರಿ ಹುಡುಗನ ಕಡೆ ತಿರುಗಿಯೂ ನೋಡದೆ ನಾನೇ ಹಾಕಿದ್ದು ಎಂದ. ಓನರು ಆ ಪಂಪು ಕಿತ್ತು ಶೆಡ್ಡಿಗೆ ಹಾಕಿಸಿ ಕರೆಂಟಿನದು ತರಿಸಿದ. ಮೇಸ್ತ್ರಿಗೆ ಬೇರೆ ಬಂಕಿನವರೂ ಕೆಲಸ ಕೊಡಲಿಲ್ಲ. ಆತ ಊರಿಗೆ ಹೋದವನು ಮತ್ತೆ ಬರಲಿಲ್ಲ.

“ಜನಕ್ಕೆ ಕಮ್ಮಿ ಕೊಟ್ಟೆ ಅಂತ ತಾನ್ ಮಾ ನನಗೆ ಕೊರಗು,” ಎಂದರು ಮಾಮ. “ಟ್ಯಾಕ್ಸಿಯವರು ಪಾಪ, ಕ್ಯೂ ನಿಂತು ಹಾಕಿಸ್ಕೊಂಡು ಹೋಗ್ತಿದ್ರು. ಮೇಲಂಚಾ ಕೆಳಂಚಾ, ಎಷ್ಟು ಯೋಚನೆ ಮಾಡಿದ್ರೂ ಜ್ಞಾಪಕ ಬರೋದಿಲ್ಲೆ. ಎರಡೂ ಕಾಣುತ್ತೆ. ಎರಡರಲ್ಲೂ ನನ್ನ ಕೈಯೇ ಇದೆ.”

ಇಷ್ಟನ್ನೂ ನಾನು ಒಂದೇ ಸರಣಿಯಲ್ಲಿ ಬರೆದಿದ್ದೇನೆ. ಅವರು ಹೀಗೆ ಹೇಳಲಿಲ್ಲ. ಮೇಸ್ತ್ರಿ ಯಾಕೆ ಬರಲಿಲ್ಲ ಎಂಬುದಕ್ಕೆ ಸಾರಿನ ಅನ್ನದ ಹೊತ್ತಿಗೆ ಜ್ವರ ಎಂದಿದ್ದವರು ಮಜ್ಜಿಗೆಯ ಹೊತ್ತಿಗೆ ತಂಗಿಯ ಮದುವೆ ಎಂದರು. ನಮ್ಮ ಮದುವೆಯಾದ ಹೊಸದರಲ್ಲಿ ಅದು ಟೈಫಾಯಿಡ್ ಆಗಿತ್ತು ಎಂದು ವಸುಧಾ ನೆನಪಿಸಿದಳು. ಆಗಿರಬಹುದು, ಮದುವೆಗೆ ಹೋದವನಿಗೆ ಟೈಫಾಯಿಡ್ ಬರಬಾರದಾ ಎಂದರು ಮಾಮ. ಮೂರು ಸ್ಕ್ರೂ ಮಾತ್ರ ಮೂರೇ ಆಗಿ ಉಳಿದವು.

ನಾಳೆ ಗಿಂಡಿಗೆ ಬನ್ನಿ ಎಂದೆ. ಅದು ಆ ಪಂಪಲ್ಲ ಎಂದರು. ಫೋಟೋ ಕಾಣುವುದಿಲ್ಲ ಎಂದಿದ್ದರಲ್ಲ ಎಂದು ನಾನು ಕೇಳಲಿಲ್ಲ.

ಗಿಂಡಿ

ವ್ಯಾಪಾರಿಯ ಹೆಸರು ಸೆಲ್ವಂ. ಐವತ್ತರ ಆಸುಪಾಸು. ಅವರ ಅಂಗಳ ಒಂದು ಕಾಲದಲ್ಲಿ ಲೇತ್ ವರ್ಕ್‌ಶಾಪು. ಈಗ ಅಲ್ಲಿ ಬಾಗಿಲುಗಳು, ಕುರ್ಚಿಗಳು, ಕಾಲು ಮುರಿದ ಒಂದು ಜೋಡಿ ಕುದುರೆ ಗೊಂಬೆ. ಊಟ ಮಾಡಿದಿರಾ ಎಂದರು, ಹತ್ತೂವರೆ ಗಂಟೆಗೆ. ಇಡ್ಲಿ ತಿಂದೆ ಎಂದರೆ ಅದು ಟಿಫನ್ನು, ನಾನು ಕೇಳಿದ್ದು ಊಟ ಎಂದರು. ಈ ಊರಿನಲ್ಲಿ ಆ ಪ್ರಶ್ನೆಗೆ ಹೌದು ಎಂದುಬಿಡುವುದು ಕ್ಷೇಮ. ಅವರ ತಮಿಳು ನನಗೆ ಅರ್ಧ ತಿಳಿಯುತ್ತಿತ್ತು, ನನ್ನ ಕನ್ನಡ ಅವರಿಗೆ ಮುಕ್ಕಾಲು.

ಪಂಪಿಗೆ ಯಾರೋ ಈಚೆಗೆ ಕೆಂಪು ಬಣ್ಣ ಬಳಿದಿದ್ದರು. ಮೊದಲು ಹಲ್ಲಿನ ಕೊಕ್ಕೆಯಿಂದ ಬುಡದ ಮೂಲೆಯಲ್ಲಿ ಉಗುರಿನಷ್ಟು ಜಾಗ ಕೆರೆದೆ. ಕೆಂಪಿನ ಕೆಳಗೆ ಹಳದಿ, ಅದರ ಕೆಳಗೆ ಬೂದು, ಅದಕ್ಕೂ ಕೆಳಗೆ ಹಸಿರು. ನಕಲಿಗೆ ನಾಲ್ಕು ಸಲ ಬಣ್ಣ ಬಳಿಯುವಷ್ಟು ತಾಳ್ಮೆ ಯಾರಿಗೂ ಇರುವುದಿಲ್ಲ. ಮುಂಭಾಗದ ಹಿತ್ತಾಳೆ ತಗಡಿನ ಅಕ್ಷರ ಬೆರಳಿಗೆ ಸಿಗದಷ್ಟು ಸವೆದಿದ್ದವು. ಪುಟ್ಟಿ ಕಲಸಿ ಒತ್ತಿ, ಗಟ್ಟಿಯಾದ ಮೇಲೆ ಎಬ್ಬಿಸಿ ಬೆಳಕಿಗೆ ಓರೆ ಹಿಡಿದಾಗ ತಿರುಗುಮುರುಗಾಗಿ ಒಂದು ನಂಬರು, ಕೆಳಗೆ ಗ್ಯಾಲನ್ ಎಂಬ ಪದ. ಸೆಲ್ವಂ ತಮ್ಮ ಕೆಲಸ ಬಿಟ್ಟು ಬಂದು ನೋಡಿದರು. ಹಲ್ಲಿಗೂ ಹೀಗೇ ಮಾಡುತ್ತೀರಾ ಎಂದರು. ಹಲ್ಲು ನಂಬರು ಹೇಳುವುದಿಲ್ಲ ಎಂದೆ.

ಆಮೇಲೆ ಸ್ಟೂಲು ಹತ್ತಿ ಗಾಜಿನೊಳಗೆ ಟಾರ್ಚು ಬಿಟ್ಟೆ. ಸರಳಿನ ಮೇಲೆ ಎರಡು ಸಾಲು ತೂತು. ಒಂದು ಸಾಲು ಖಾಲಿ, ಅದು ಗ್ಯಾಲನ್ ಬಿಲ್ಲೆಗಳದು. ಇನ್ನೊಂದರಲ್ಲಿ ನಾಲ್ಕು ದುಂಡು ಬಿಲ್ಲೆ, ಐದರಿಂದ ಇಪ್ಪತ್ತರವರೆಗೆ. ಬಿಲ್ಲೆಗೆ ಎರಡರಂತೆ ಎಂಟು ಸ್ಕ್ರೂ. ಐದು ಉಕ್ಕಿನವು, ತುಕ್ಕು ಹಿಡಿದು ಕಪ್ಪಾಗಿವೆ. ಮೂರು ಹಿತ್ತಾಳೆಯವು, ಗುಂಡುತಲೆ, ಅಂಚಿನಲ್ಲಿ ಹಸಿರು ಕಿಲುಬು.

ಸ್ಟೂಲಿನಿಂದ ಇಳಿದೆ. ಸೆಲ್ವಂ ಹೇಳುತ್ತಿದ್ದರು: ನಾಳೆ ಮಧ್ಯಾಹ್ನ ಪಾಲಿಷ್‌ನವನು ಬರುತ್ತಾನೆ, ಒಳಗಿನದನ್ನೆಲ್ಲ ಬಿಚ್ಚಿ ಥಳಥಳ ಮಾಡಿಕೊಡುತ್ತಾನೆ, ಮಹಾಬಲಿಪುರದ ರಸ್ತೆಯ ಒಂದು ಹೋಟೆಲಿನವರು ಕೇಳಿದ್ದಾರೆ. ಬಿಚ್ಚಿದರೆ ಮುಗಿಯಿತು. ಬಿಲ್ಲೆ ಎಲ್ಲಿತ್ತು ಎಂದು ಮತ್ತೆ ಯಾರೂ ಹೇಳಲಾರರು. ನಾನೇ ತೆಗೆದುಕೊಳ್ಳುತ್ತೇನೆ, ಒಂದು ಸ್ಕ್ರೂವನ್ನೂ ಮುಟ್ಟಬೇಡಿ ಎಂದು ಮುಂಗಡ ಕೊಟ್ಟೆ. ಆಮೇಲೆ ವಸುಧಾಳಿಗೆ ಆ ಮೂರು ಸ್ಕ್ರೂಗಳ ಫೋಟೋ ಕಳಿಸಿದೆ. ಮಾಮನಿಗೆ ತೋರಿಸುವುದು ಬಿಡುವುದು ನಿನ್ನ ಕೈಯಲ್ಲಿ ಎಂದು ಬರೆದೆ. ಹಾಗೆ ಬರೆದು ಜವಾಬ್ದಾರಿ ಅವಳ ಮೇಲೆ ಹಾಕಿದೆ ಎಂಬುದೇ ಸರಿ.

ಗಿಂಡಿ, ಮಾರನೆಯ ದಿನ

ಸ್ಕ್ರೂಗಳ ವಿಷಯ ವಸುಧಾ ಹೇಳಿಯೇಬಿಟ್ಟಿದ್ದಳು. ಮಾಮ ಆಟೋದಿಂದ ಇಳಿದರು. ತೊಡೆಯ ಮೇಲೆ ಮಗುವನ್ನು ಕೂರಿಸಿಕೊಂಡಂತೆ ತಂದಿದ್ದದ್ದು ಅವರ ಸ್ವಂತ ಐದು ಲೀಟರಿನ ಕ್ಯಾನು. ಕೆಳಗೆ ಅಗಲ, ಮೇಲೆ ಸಣ್ಣ ಕುತ್ತಿಗೆ, ಕುತ್ತಿಗೆಯಲ್ಲಿ ಒಂದು ಗೆರೆ. ಗೆರೆಗೆ ಬಂದರೆ ಸರಿಯಾಗಿ ಐದು. ಕೆಳಗೆ ನಿಂತರೆ ಕಡಿಮೆ. ನನಗೆ ನಮಸ್ಕಾರವನ್ನೂ ಹೇಳದೆ ಗಾಜಿನ ಹತ್ತಿರ ಹೋಗಿ, ಕಾಣದ ಕಣ್ಣಿನಿಂದ ಸುಮ್ಮನೆ ನೋಡಿ, “ನೀರು ತುಂಬಿಸಿ,” ಎಂದರು.

ಇಲ್ಲಿ ನಾನು ಮೈಸೂರಿನವಳಾಗಿ ಒಂದು ತಪ್ಪು ಮಾಡಿದೆ. ಅಂಗಳದ ನಲ್ಲಿಗೆ ಪೈಪು ಸಿಕ್ಕಿಸಿ ಬಿಟ್ಟರಾಯಿತು ಎಂದುಕೊಂಡಿದ್ದೆ. ಸೆಲ್ವಂ ಎದೆಯ ಮೇಲೆ ಕೈ ಇಟ್ಟುಕೊಂಡರು. ಆ ನೀರು ಲಾರಿಯಲ್ಲಿ ಬರುತ್ತದೆ, ಡ್ರಮ್ಮಿನ ಲೆಕ್ಕದಲ್ಲಿ ಬರುತ್ತದೆ. ಕೊನೆಗೆ ಒಪ್ಪಂದವಾಯಿತು. ಗಾಜಿನಿಂದ ಬಿದ್ದ ಹನಿಹನಿಯೂ ಡ್ರಮ್ಮಿಗೆ ವಾಪಸು. ಅವರೇ ಒಂದು ಅಗಲ ಬಾನಿ ತಂದು ಸ್ಟೂಲಿನ ಕೆಳಗೆ ಇಟ್ಟರು.

ಮೇಲಿನ ಮುಚ್ಚಳ ತೆಗೆದು ಬಕೆಟ್ಟಿನಿಂದ ಸುರಿದೆವು. ಅರ್ಧ ತುಂಬುವಷ್ಟರಲ್ಲಿ ಗಾಜಿನ ಬುಡದ ಒಣಗಿದ ವಾಷರಿನಿಂದ ನೀರು ಜಿನುಗತೊಡಗಿತು. ಜಿನುಗುವ ಪಂಪು ಸುಳ್ಳು ಹೇಳುತ್ತದೆ, ಇದು ಆಗದ ಕೆಲಸ, ಹೊರಡೋಣ ಎಂದರು ಮಾಮ. ಅವರ ದನಿಯಲ್ಲಿ ಬಿಡುಗಡೆ ಸಿಕ್ಕಿದವರ ಅವಸರವಿತ್ತು. ಅಂಥ ಅವಸರ ನನಗೆ ಗೊತ್ತು. ಹಲ್ಲು ಕೀಳಿಸಲು ಬಂದವರು ಕರೆಂಟು ಹೋದಾಗ ಹೀಗೇ ಎದ್ದು ನಿಲ್ಲುತ್ತಾರೆ. ಉಳಿದ ಪುಟ್ಟಿಯನ್ನೆಲ್ಲ ಕಲಸಿ ಬುಡದ ಸುತ್ತ ಒತ್ತಿದೆ. ಐದು ನಿಮಿಷದಲ್ಲಿ ಗಟ್ಟಿಯಾಯಿತು. ಜಿನುಗು ನಿಂತಿತು. ಮಾಮ ಮತ್ತೆ ಕೂತರು.

ಗಾಜು ತುಂಬಿ, ಹೆಚ್ಚಿನ ನೀರು ನಳಿಗೆಯಿಂದ ಇಳಿದು ಬಾನಿಗೆ ಬಿತ್ತು. ಕ್ಯಾನನ್ನು ಸ್ಟೂಲಿನ ಮೇಲಿಟ್ಟೆವು. ಬಿರಡೆ ಮಾಮನ ಕೈಯಲ್ಲಿ. ಬಿಲ್ಲೆಯ ಗೀರು ನೋಡುವ ಕಣ್ಣು ನನ್ನದು. ನೀರು ಗೀರಿಗೆ ಬಂದಾಗ ನಾನು ಹೇಳಬೇಕು, ಅವರು ಮುಚ್ಚಬೇಕು.

ಒಂದು ಮಾತು ಮುಚ್ಚಿಡುವುದಿಲ್ಲ. ಹೇಳುವುದನ್ನು ಒಂದು ಕ್ಷಣ ತಡಮಾಡಿದರೆ ಕ್ಯಾನಿಗೆ ಒಂದಿಷ್ಟು ಹೆಚ್ಚು ಬೀಳುತ್ತದೆ, ಮುದುಕರು ನಿಶ್ಚಿಂತೆಯಾಗಿ ಮನೆಗೆ ಹೋಗುತ್ತಾರೆ ಎಂದು ಯೋಚಿಸಿದೆ. ಹಾಗೆ ಮಾಡುತ್ತಿದ್ದೆನೋ ಇಲ್ಲವೋ ಈಗ ಹೇಳಲಾರೆ.

ಬಿರಡೆ ತಿರುಗಿತು. ಗಾಜಿನೊಳಗೆ ನೀರಿನ ಮಟ್ಟ ನಿಧಾನವಾಗಿ ಇಳಿಯಿತು. ಬಿಲ್ಲೆಯ ಮೇಲಂಚು ಹೊರಗೆ ಬರುವ ಹೊತ್ತಿಗೆ ಹಿಂದಿನಿಂದ ಸೆಲ್ವಂ ಏನೋ ಅಂದರು. ನಾನು ಕಣ್ಣು ತೆಗೆಯಲಿಲ್ಲ. ಗೀರಿಗೆ ಇನ್ನೂ ಒಂದು ದಾರದಷ್ಟು ಬಾಕಿಯಿತ್ತು. ಸೆಲ್ವಂ ಮತ್ತೆ ಜೋರಾಗಿ, ನೀರು, ನೀರು ಎಂದರು.

“ಗೀರಿಗೆ ಬಂತಾ?” ಎಂದರು ಮಾಮ.

“ಇನ್ನೂ ಇಲ್ಲ ಮಾಮ.”

“ಕಾಲು ನೆನೀತಾ ಇದೆ ಮಾ.”

“ಇನ್ನೂ ಬಂದಿಲ್ಲ.”

ಕ್ಯಾನಿನ ಕುತ್ತಿಗೆ ದಾಟಿ, ಬಾಯಿ ದಾಟಿ, ನೀರು ಸುತ್ತಲೂ ಸುರಿಯುತ್ತಿತ್ತು. ಗೀರಿಗೆ ಬಂತು, ಮುಚ್ಚಿ ಎಂದೆ. ಬಗ್ಗಿ ನೋಡುವ ಅಗತ್ಯವಿರಲಿಲ್ಲ. ಮಾಮ ಕ್ಯಾನಿನ ಬಾಯಿಗೆ ಬೆರಳಿಟ್ಟರು. ಬಾಯಿಯವರೆಗೆ ನೀರು. ಬೆರಳಿಟ್ಟುಕೊಂಡೇ ನಿಂತರು.

“ಜಾಸ್ತಿ,” ಎಂದರು. ಬೆರಳು ತೆಗೆದು, “ಒಂದು ಲೋಟ ಜಾಸ್ತಿ ಕೊಟ್ಟಿದ್ದೀನಿ ಪಾ, ಒಬ್ಬೊಬ್ಬನಿಗೂ.”

ಸೆಲ್ವಂಗೆ ಏನಾಯಿತೆಂದು ಹೇಳಬೇಕಾಯಿತು. ನನ್ನ ಕನ್ನಡ ಸಾಲದೆ ಮಾಮನೇ ತಮಿಳಿನಲ್ಲಿ ಹೇಳಿದರು. ಹೇಳುತ್ತ ಹೇಳುತ್ತ ಅವರಿಗೆ ಓನರಿನ ಮುಖ ನೆನಪಾಯಿತು. ಅಳತೆ ತಪ್ಪಿದೆ ಎಂದು ಅವನು ಕೂಗಾಡಿದ್ದು ಗಿರಾಕಿಗಳ ಪರವಾಗಿ ಎಂದೇ ಇಷ್ಟು ವರ್ಷ ತಿಳಿದಿದ್ದರಂತೆ. ಅಸಲಿಗೆ ತನ್ನ ಟ್ಯಾಂಕು ಖಾಲಿಯಾಗಿ ಅವನ ಹೊಟ್ಟೆ ಉರಿದಿತ್ತು. ಟ್ಯಾಕ್ಸಿಯವರು ಅದೇ ಬಂಕಿನ ಮುಂದೆ ಕ್ಯೂ ಯಾಕೆ ನಿಲ್ಲುತ್ತಿದ್ದರು ಎಂದು ಸೆಲ್ವಂ ಕೇಳಿದಾಗ ಮಾಮ ಒದ್ದೆ ಕಾಲಿನಲ್ಲೇ ಒಂದು ಟೈರಿನ ಮೇಲೆ ಕೂತು ನಕ್ಕರು. ಸದ್ದಿಲ್ಲದ ನಗು, ಭುಜ ಮಾತ್ರ ಕುಣಿಯುತ್ತಿತ್ತು. ಆಮೇಲೆ ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿದರು.

ಇನ್ನೊಂದು ಸಲ ಎಂದರು. ಮಾಡಿದೆವು. ಚೆಲ್ಲಿತು. ಮತ್ತೂ ಒಂದು ಸಲ. ಮೂರನೆಯ ಸಲಕ್ಕೆ ಡ್ರಮ್ಮಿನ ನೀರು ಎತ್ತಿಕೊಟ್ಟವರು ಸೆಲ್ವಂ. ಲಾರಿಯ ಮಾತು ಅವರು ಎತ್ತಲಿಲ್ಲ.

ಪೆರುಂಗುಡಿ

ವಸುಧಾಳಿಗೆ ಫೋನಿನಲ್ಲಿ ಹೇಳುವುದು ಬೇಡ, ಎದುರಿಗೆ ಹೇಳಬೇಕು ಎಂದು ಮಾಮ ಹಟ ಹಿಡಿದರು. ಅವಳ ಆಫೀಸಿಗೆ ಹೋದೆವು. ಗೇಟಿನಲ್ಲಿ ನಮ್ಮ ಹೆಸರು ಬರೆದುಕೊಂಡರು, ಫೋಟೋ ತೆಗೆದರು, ಕ್ಯಾನನ್ನು ಒಳಗೆ ಬಿಡಲಿಲ್ಲ. ಮಾಮ ಕ್ಯಾನಿನ ಜೊತೆಗೇ ಹೊರಗೆ ನಿಂತರು. ಅವಳೇ ಕೆಳಗಿಳಿದು ಬಂದಳು. ಮಾವ ಹೇಳಿದ್ದನ್ನು ರಸ್ತೆಯ ಸದ್ದಿನಲ್ಲಿ ಎರಡು ಸಲ ಹೇಳಿಸಿಕೊಂಡಳು. ಹಾಗಾದರೆ ಇನ್ನು ಬಂಕಿನಲ್ಲಿ ಕ್ಯಾನು ಕೇಳುವುದಿಲ್ಲ ತಾನೇ ಎಂದಳು. ಕೇಳುತ್ತೇನೆ, ಈಗಿನವರನ್ನು ನಂಬೋಕಾಗೋಲ್ಲ ಎಂದರು.

ಅವಳು ಮೇಲೆ ಹೋದ ಮೇಲೆ ಮುನುಸಾಮಿಯ ಮಾತು ಬಂತು. ಅಲ್ಲಿಯವರೆಗೆ ಅವರೂ ಎತ್ತಿರಲಿಲ್ಲ, ನಾನೂ ಎತ್ತಿರಲಿಲ್ಲ. ಮೇಸ್ತ್ರಿಯಾದವನು ಅಳತೆ ಹಾಕಿ ನೋಡದೆ ತಪ್ಪು ಒಪ್ಪಿಕೊಳ್ಳುತ್ತಾನೆಯೇ, ನೋಡಿಯೇ ಇರುತ್ತಾನೆ, ಹೆಚ್ಚು ಹೋಗಿದೆ ಎಂದು ಅವನಿಗೆ ಗೊತ್ತಿತ್ತು ಎಂದರು ಮಾಮ. ಗೊತ್ತಿದ್ದರೆ ಹುಡುಗನಿಗೆ ಒಂದು ಮಾತು ಹೇಳುತ್ತಿರಲಿಲ್ಲವೇ ಎಂದೆ. ಹೇಳಿದ್ದನೋ ಏನೋ, ನಾನು ಭಯದಲ್ಲಿ ಕೇಳಿಸಿಕೊಳ್ಳಲಿಲ್ಲವೋ ಏನೋ ಎಂದರು. ಇದಕ್ಕೆ ಕ್ಯಾನು ಇಟ್ಟು ಅಳೆಯುವ ಉಪಾಯ ನಮ್ಮಿಬ್ಬರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಆಟೋ ಬಂತು.

ಮೈಸೂರು

ಪಂಪು ಲಾರಿಯಲ್ಲಿ ಬಂದು ಶೆಡ್ಡು ಸೇರಿದೆ. ಗಾಜು ಒಡೆಯಲಿಲ್ಲ. ಕೆಂಪು, ಹಳದಿ, ಬೂದು ಬಣ್ಣ ಕೆರೆದು ಹಸಿರಿಗೆ ಇಳಿದಿದ್ದೇನೆ. ಬುಡಕ್ಕೆ ಹೊಸ ವಾಷರು ಹಾಕಿದೆ. ಬಿಲ್ಲೆಗಳನ್ನು ಮುಟ್ಟಿಲ್ಲ. ಅಳತೆ ತಪ್ಪಿರುವ ಪಂಪನ್ನು ತಪ್ಪಿರುವ ಹಾಗೇ ಇಟ್ಟುಕೊಳ್ಳುವುದಕ್ಕೆ ಗುಂಪಿನಲ್ಲಿ ಕೆಲವರ ಆಕ್ಷೇಪವಿದೆ.

ಈ ಬರಹಕ್ಕೆ ಕೂತಾಗ ಒಂದು ಸಂಗತಿ ಖಾತ್ರಿ ಮಾಡಿಕೊಳ್ಳಲು ಮಾಮನಿಗೆ ಫೋನು ಮಾಡಿದೆ. ಮೇಸ್ತ್ರಿ ಬಾರದ ದಿನ ಜ್ವರವೆಂದು ಬರೆಯಲೇ, ಮದುವೆಯೆಂದು ಬರೆಯಲೇ ಎಂದು. ಏನಾದರೂ ಬರೀರಿ ಎಂದರು. ಕಣ್ಣಿನ ಆಪರೇಷನ್ ಚೆನ್ನಾಗಿ ಆಗಿದೆಯಂತೆ. ಬಂಕಿನಲ್ಲಿ ಈಗ ಕ್ಯಾನು ತರಿಸುತ್ತಾರೆ, ಆದರೆ ಕಾರಿನಿಂದ ಇಳಿಯುವುದಿಲ್ಲವಂತೆ. ಕಿಟಕಿಯಿಂದಲೇ ನೋಡಿ ಸರಿ ಎನ್ನುತ್ತಾರಂತೆ. ಆಮೇಲೆ ಅವರಾಗಿಯೇ ಆ ದಿನದ ಮಾತು ತೆಗೆದರು. ಸ್ಕ್ರೂ ತಿರುಗಿಸಿದ್ದು, ಮೊಣಕೈಗೆ ಪೆಟ್ರೋಲು ಇಳಿದದ್ದು, ಬಿಲ್ಲೆಯನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದದ್ದು, ಎಲ್ಲವನ್ನೂ ಎಲ್ಲಿಯೂ ತಡವರಿಸದೆ ಹೇಳಿದರು.

“ಮೇಲಂಚೇ ಮಾ ನಾನು ಕೂರಿಸಿದ್ದು,” ಎಂದರು. “ನನಗೆ ಮೊದಲಿಂದ ಅದೇ ತಾನ್ ಜ್ಞಾಪಕ.”

“ಹೌದು ಮಾಮ,” ಎಂದೆ.